ಕಡುಬು ಕೊಟ್ಟೆ, ಅವರು ತಿನ್ನಲಿಲ್ಲ. ‘ದೇವರೆಲ್ಲ ಒಂದೇ’ ಅಂದೆ, ಮಾತೇ ನಿಂತಿತು

ಏಲಕ್ಕಿಹಾರ
ನಾನು ಹಾವೇರಿ ಕಡೆಯಾಕಿ. ಬ್ಯಾಂಕಿನ ಕೆಲಸ, ವರ್ಗ ಆಗಿ ಪುತ್ತೂರಿಗೆ ಬಂದು ಹನ್ನೊಂದು ತಿಂಗಳಾತು. ಒಂದ ಕಂಪೌಂಡಿನೊಳಗ ಮೂರು ಮನಿ. ನಮ್ಮ ಗ್ವಾಡಿಗೆ ಹತ್ತಿದ್ದು ಬ್ಯಾರಿ ಮುಸ್ಲಿಮರ ಮನಿ. ಆ ಮನಿ ಹಿರಿಯಾಕಿನ್ನ ಎಲ್ಲಾರೂ ‘ಉಮ್ಮ’ ಅಂತಾರ, ನಾನೂ ಹಂಗ ಕರೀತೀನಿ. ನಾವು ಬಂದ ಹೊಸದರಾಗ ಗ್ಯಾಸ್ ಸಿಗದ ಒದ್ದಾಡಿದಾಗ ಎರಡು ದಿನ ನಮ್ಮ ಚಾ ಅವರ ಒಲಿಮ್ಯಾಲಿಂದನ ಬಂತು. ಅಂಥಾ ಮಂದಿ.

ಗಣಪತಿ ಹಬ್ಬಕ್ಕ ಕಡುಬು ಮಾಡಿದ್ದೆ. ದೇವರಿಗೆ ಎಡಿ ಹಿಡದಾದ ಮ್ಯಾಲೆ ಸ್ಟೀಲಿನ ತಾಟಿನ್ಯಾಗ ಹನ್ನೊಂದು ಇಟಗೊಂಡು ಹೋಗಿ ಕೊಟ್ಟೆ. ಉಮ್ಮ ನಕ್ಕೋತ ಇಸ್ಕೊಂಡ್ರು. ಮರುದಿನ ನೋಡಿದ್ರ ಅದನ್ನ ಹಂಗಂಗ ಅಂಗಳ ಗುಡಿಸಾಕ ಬರೋ ಅಕ್ಕಗ ಕಟ್ಟಿ ಕೊಡಾಕತ್ತಿದ್ರು. ನನ್ನ ಮಾರಿ ನೋಡಿ ಅವರಿಗೇ ಮುಜುಗರ ಆತು. ಅವರ ಮೊಮ್ಮಗ ಸಣ್ಣಾಂವ, ‘ಅದು ಪೂಜೆಗೆ ಇಟ್ಟದ್ದಲ್ವಾ, ನಾವು ತಿನ್ನುದಿಲ್ಲ’ ಅಂತ ಅಂದಬಿಟ್ಟ. ಉಮ್ಮ ಅವನ್ನ ಗದರಿಸಿದ್ರು. ನಾನು ಸಮಾಧಾನ ಮಾಡೋಣ ಅಂತ, ‘ದೇವರೆಲ್ಲ ಒಂದ ಅಲ್ರೀ ಉಮ್ಮ, ಹೆಸರಷ್ಟ ಬ್ಯಾರೆ’ ಅಂದೆ. ‘ಹೌದು ಮಗಾ’ ಅಂದು ಒಳಗ ಹೋದ್ರು.

ಅಲ್ಲಿಂದ ಒಂಬತ್ತು ದಿನ ಆತು. ‘ಮೋಟಾರ್ ಹಾಕ್ಲಾ?’ ‘ಹಾಕ್ರಿ.’ ಇಷ್ಟ ಮಾತು. ನಾನು ಕೆಟ್ಟದ್ದೇನೂ ಅಂದಿಲ್ಲ. ಖರೆ ಹೇಳಬೇಕಂದ್ರ ನನಗೂ ಬ್ಯಾಸರ ಆಗೇತಿ, ಮುಂಜಾನೆ ನಾಕಕ್ಕ ಎದ್ದು ಮಾಡಿದ್ದು. ಎಲ್ಲಿ ತಪ್ಪಿತು?

ತೆನೆಹಬ್ಬ
ತಪ್ಪು ಕಡುಬಲ್ಲಿ ಇಲ್ಲ, ಕ್ರಮದಲ್ಲಿ ಉಂಟು. ನಾವು ಕೊಂಕಣಿ ಕೆಥೊಲಿಕರು. ನಮ್ಮ ಪಕ್ಕದ ಮನೆಯ ಭಟ್ರ ಹೆಂಡತಿ ಹಬ್ಬದ ದಿನ ನೈವೇದ್ಯಕ್ಕೆ ಇಡುವ ಮೊದಲೇ ನಮ್ಮ ಪಾಲು ಬೇರೆ ಡಬ್ಬಿಗೆ ತೆಗೆದಿಡ್ತಾರೆ. ಕೊಡುವಾಗ ‘ಇದು ಒಳಗೆ ಇಟ್ಟದ್ದಲ್ಲ’ ಅಂತ ಒಂದು ಮಾತು ಹೇಳಿ ಕೊಡ್ತಾರೆ, ಅಷ್ಟೆ. ತಮಾಷೆ ಎಂತ ಅಂದ್ರೆ ನನ್ನ ಅಮ್ಮ ಪ್ರಸಾದವನ್ನೂ ತಿಂತಾರೆ, ಅಮ್ಮನ ತಂಗಿ ಮುಟ್ಟುದಿಲ್ಲ. ಒಂದೇ ಮನೆಯಲ್ಲಿ ಬೆಳೆದವರು, ಒಂದೇ ಇಗರ್ಜಿ.

ಕ್ರಿಸ್‌ಮಸ್‌ಗೆ ನಾವು ಕುಸ್ವಾರ್, ಅಂದ್ರೆ ಹಬ್ಬದ ತಿಂಡಿ, ಕೊಡುವಾಗಲೂ ಹಾಗೆ. ಮೊಟ್ಟೆ ಹಾಕಿದ ಕೇಕು ಭಟ್ರ ಮನೆಗೆ ಹೋಗುದಿಲ್ಲ, ಅವರಿಗೆ ಚಕ್ಕುಲಿ, ಎಳ್ಳುಂಡೆ, ನೆವ್ರಿ. ಇಷ್ಟು ವರ್ಷದಲ್ಲಿ ಯಾರೂ ಯಾರ ದೇವರ ಬಗ್ಗೆ ಭಾಷಣ ಮಾಡಿದ್ದಿಲ್ಲ.

ಬಂದರು_ಬ್ಯಾರಿ
ಅಕ್ಕ, ನಾನೂ ಬ್ಯಾರಿ, ಮಂಗಳೂರಿನವ. ನಿಮ್ಮ ಉಮ್ಮನ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲ, ನನ್ನ ಉಮ್ಮನ ಕಥೆ ಹೇಳಬಹುದು.

ಅಲ್ಲಾಹನಲ್ಲದೆ ಬೇರೆಯವರ ಹೆಸರಿಗೆ ಅರ್ಪಿಸಿದ್ದನ್ನು ತಿನ್ನಬಾರದು ಅಂತ ನಮ್ಮಲ್ಲಿ ಹೆಚ್ಚಿನವರು ಪಾಲಿಸ್ತಾರೆ. ಅದು ಅಸಹ್ಯ ಅಲ್ಲ. ನಿಮ್ಮ ಕೈಯ ಅಡುಗೆ ಬೇಡ ಅಂತಲೂ ಅಲ್ಲ. ಅರ್ಪಣೆ ಆಗಿದೆಯಾ ಇಲ್ಲವಾ, ಪ್ರಶ್ನೆ ಅಷ್ಟೇ. ನನ್ನ ಉಮ್ಮ ಶೆಟ್ರ ಮನೆಯ ಮದುವೆಯಲ್ಲಿ ಪಾಯಸ ಎರಡು ಸಲ ಹಾಕಿಸಿಕೊಳ್ತಾರೆ, ದೇವಸ್ಥಾನದ ಪಂಚಕಜ್ಜಾಯ ತಿನ್ನುದಿಲ್ಲ. ಎಸೆಯುವುದೂ ಇಲ್ಲ, ತಿನ್ನುವವರಿಗೆ ಮರ್ಯಾದೆಯಲ್ಲಿ ದಾಟಿಸ್ತಾರೆ. ನಿಮ್ಮ ಉಮ್ಮ ಮಾಡಿದ್ದೂ ಅದೇ ಅಲ್ವಾ? ನಿಮ್ಮ ಕಣ್ಣಿಗೆ ಬಿದ್ದದ್ದು ಪಾಪ ಅವರ ಗ್ರಹಚಾರ.

ಎರಡನೇದು ಸ್ವಲ್ಪ ಕಷ್ಟದ ಮಾತು. ‘ದೇವರೆಲ್ಲ ಒಂದೇ’ ಅಂತ ನೀವು ಪ್ರೀತಿಯಿಂದಲೇ ಹೇಳಿದ್ದು. ಆದರೆ ಅದಕ್ಕೆ ಅವರು ‘ಹೌದು’ ಅನ್ನದೆ ಬೇರೆ ಎಂತ ಹೇಳ್ಲಿಕ್ಕೆ ಆಗ್ತದೆ? ‘ಅಲ್ಲ, ನನಗೆ ಹಾಗಲ್ಲ’ ಅಂದ್ರೆ ಜಗಳಗಂಟಿ ಆಗ್ತಾರೆ. ‘ಹೌದು’ ಅಂದ್ರೆ ತಾನು ದಿನಕ್ಕೆ ಐದು ಸಲ ಹೇಳುವುದನ್ನೇ ಬಿಟ್ಟುಕೊಟ್ಟ ಹಾಗೆ. ಅವರು ಮರ್ಯಾದೆ ಉಳಿಸಿ ಒಳಗೆ ಹೋದ್ರು.

ಒಂದು ಪ್ರಶ್ನೆ. ತಟ್ಟೆ ವಾಪಸ್ ಬಂತಾ? ಖಾಲಿ ಬಂತಾ?

ಏಲಕ್ಕಿಹಾರ
ಖಾಲಿ ಬಂದಿಲ್ರೀ. ಒಂದು ಚಿಪ್ಪು ಬಾಳಿಹಣ್ಣು ಇಟ್ಟು ಹುಡುಗನ ಕೈಯಾಗ ಕಳಿಸಿದ್ರು. ನಾನು ಸಿಟ್ಟಿನ್ಯಾಗ ಅದನ್ನ ಲೆಕ್ಕಕ್ಕ ಹಿಡದಿಲ್ಲ.

ಬಂದರು_ಬ್ಯಾರಿ
ಹಾಗಾದ್ರೆ ಮಾತು ನಿಲ್ಲಲಿಲ್ಲ ಮಾರಾಯ್ರೆ. ನಿಮ್ಮ ಸರದಿ ಬಾಕಿ ಉಂಟು.

ಪ್ರಶ್ನಾರ್ಥಕ
ನಾನು ನಾಸ್ತಿಕ, ಆದ್ದರಿಂದ ಎರಡೂ ಕಡೆ ಬೈಗುಳ ಗ್ಯಾರಂಟಿ. ನನಗೆ ಅರ್ಥ ಆಗದೇ ಇರೋದು ಇಷ್ಟು: ಕಡುಬು ಅಂದ್ರೆ ಅಕ್ಕಿಹಿಟ್ಟು, ಕಾಯಿ, ಬೆಲ್ಲ. ಅದರ ಮುಂದೆ ಯಾರೋ ಮಂತ್ರ ಹೇಳಿದ್ರೆ ಅದರಲ್ಲಿ ಏನು ಬದಲಾಗುತ್ತೆ? ಇದನ್ನ ಕೇಳಿದ್ರೆ ‘ಭಾವನೆಗೆ ಧಕ್ಕೆ’. ಮನುಷ್ಯನಿಗೆ ಗೌರವ ಕೊಡ್ತೀನಿ, ನಂಬಿಕೆಗೆ ಯಾಕೆ ಕೊಡಬೇಕು? ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿಯನ್ನೇ ಮಾಡಿದ್ರು. ಅವತ್ತು ‘ಬಿಡಿ, ಅವರವರ ನಂಬಿಕೆ’ ಅಂತ ಸುಮ್ಮನೆ ಕೂತಿದ್ರೆ?

ತೆನೆಹಬ್ಬ
ನರಸಿಂಹಯ್ಯನವರು ಪ್ರಶ್ನೆ ಕೇಳಿದ್ದು ಪುಟ್ಟಪರ್ತಿಯ ಸಾಯಿಬಾಬಾ ಅವರಂಥವರಿಗೆ. ಸಾವಿರಾರು ಜನರ ಮುಂದೆ ಪವಾಡ ತೋರಿಸುವವರಿಗೆ. ಅದೂ ಪತ್ರ ಬರೆದು, ಬಹಿರಂಗವಾಗಿ. ಪಕ್ಕದ ಮನೆಯ ಅಜ್ಜಿಯ ಅಡುಗೆಕೋಣೆಗೆ ಹೋಗಿ ‘ಇದರಲ್ಲಿ ಎಂತ ಬದಲಾಯ್ತು ತೋರಿಸಿ’ ಅಂತ ಕೇಳಿದ್ದಲ್ಲ. ನಿಮ್ಮ ಪ್ರಶ್ನೆ ಸರಿಯೇ ಉಂಟು, ಬಾಗಿಲು ಬೇರೆ.

ಪ್ರಶ್ನಾರ್ಥಕ
ಸರಿ. ಈ ಬಾಗಿಲಿನ ಮಾತು ಒಪ್ಪಿದೆ. ಆದ್ರೆ ದೊಡ್ಡ ಬಾಗಿಲಲ್ಲಿ ನಿಂತು ಕೇಳೋದನ್ನ ಮಾತ್ರ ಬಿಡಲ್ಲ.

ಬೆಳ್ಗೊಳದ_ಮೇಷ್ಟ್ರು
ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ಸ್ವಲ್ಪ ಉದ್ದವಾದರೆ ಮನ್ನಿಸಿ.

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಒಂದು ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ತಕರಾರು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಜೈನರೆಲ್ಲ ಸೇರಿ, ನಮಗೆ ಅನ್ಯಾಯವಾಗುತ್ತಿದೆ ಎಂದು ವಿಜಯನಗರದ ಬುಕ್ಕರಾಯನಿಗೆ ಅಹವಾಲು ಕೊಟ್ಟರು. ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಎಂದ.

ಸಭೆಗಳಲ್ಲಿ ಎಲ್ಲರೂ ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ನಾನು ತರಗತಿಯಲ್ಲಿ ಓದಿಸುತ್ತಿದ್ದುದು ಅದರ ಮುಂದಿನ ಸಾಲುಗಳನ್ನು. ಮೊದಲಿನಿಂದ ನಡೆದುಬಂದ ಹಾಗೆ ಪಂಚಮಹಾವಾದ್ಯ, ಕಲಶದ ಮರ್ಯಾದೆ ಜೈನರಿಗೂ ಸಲ್ಲಬೇಕು. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು, ಇಡುವ ಹೊಣೆ ತಿರುಮಲೆಯ ತಾತಯ್ಯನದು. ಅಂದರೆ ಎದುರು ಪಕ್ಷದ ಹಿರಿಯನದು! ಉಳಿದ ಹಣದಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು.

ಭೇದವಿಲ್ಲ ಅನ್ನುವ ಮಾತಿಗೆ ಒಂದು ಸಾಲು ಸಾಕಾಯಿತು. ಆಮೇಲಿನದೆಲ್ಲ ಕಾವಲು, ವಾದ್ಯ, ಸುಣ್ಣದ ಲೆಕ್ಕ. ಜಗಳ ತೀರಿಸುವವನಿಗೆ ತಿಳಿದಿತ್ತು.

ಮಲ್ಲಿಗೆ_ಮೆಟ್ರೋ
ಮೇಷ್ಟ್ರೇ, ನಿಮ್ಮ ಮಾತಿಗೆ ನನ್ನದೊಂದು ಸುಣ್ಣದ ಲೆಕ್ಕ ಸೇರಿಸ್ತೀನಿ.

ನಾನು ಮುಸ್ಲಿಂ ಹುಡುಗಿ, ಊರು ತುಮಕೂರು ಕಡೆ, ಕೆಲಸ ಬೆಂಗಳೂರು. ಕನ್ನಡ ಮಾಧ್ಯಮದಲ್ಲಿ ಓದಿದವಳು. ಹೋದ ವರ್ಷ ಎರಡು ತಿಂಗಳು ಬಾಡಿಗೆ ಮನೆ ಹುಡುಕಿದೆ. ಫೋನಲ್ಲಿ ನನ್ನ ಕನ್ನಡ ಕೇಳಿ ‘ಬಾಮ್ಮ, ಇವತ್ತೇ ಬಂದು ನೋಡು’ ಅನ್ನೋರು. ಹೆಸರು ಕೇಳಿದ ಮೇಲೆ ‘ಅಯ್ಯೋ, ನಮ್ಮ ಯಜಮಾನ್ರು ಯಾರಿಗೋ ಮಾತು ಕೊಟ್ಟುಬಿಟ್ಟಿದ್ದಾರಮ್ಮ.’ ಒಬ್ಬರೂ ಕೆಟ್ಟದಾಗಿ ಮಾತಾಡಲಿಲ್ಲ ಗೊತ್ತಾ? ಒಬ್ಬ ಅಂಕಲ್ ಕಾಫಿ ಕೊಟ್ಟು, ಷರೀಫಜ್ಜ-ಗೋವಿಂದಭಟ್ಟರ ಕಥೆ ಅರ್ಧ ಗಂಟೆ ಹೇಳಿ, ಆಮೇಲೆ ‘ನಮಗೇನಿಲ್ಲಮ್ಮ, ಮೇಲಿನ ಮನೆಯೋರು ಒಪ್ಪಲ್ಲ’ ಅಂದ್ರು. ನನ್ನ ಜೀವನದಲ್ಲಿ ಅತ್ಯಂತ ಗೌರವದ ಭಾಷೆ ಕೇಳಿದ್ದು ಆ ಎರಡು ತಿಂಗಳಲ್ಲೇ.

ಅದಕ್ಕೇ ‘ಹೇಗೆ ಗೌರವದಿಂದ ಮಾತಾಡೋದು’ ಅನ್ನೋ ಚರ್ಚೆ ನೋಡಿದ್ರೆ ಸ್ವಲ್ಪ ಉರಿಯುತ್ತೆ. ಹಾವೇರಿ ಅಕ್ಕ, ನಿಮ್ಮ ಬಗ್ಗೆ ಅಲ್ಲ. ನೀವು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಡುಬು ಮಾಡಿದ್ರಿ.

ಬೆಳ್ಗೊಳದ_ಮೇಷ್ಟ್ರು
ಇದಕ್ಕೆ ನನ್ನ ಬಳಿ ಶಾಸನವಿಲ್ಲ ತಾಯಿ. ನನ್ನದೇ ಮನೆಯ ಮಹಡಿ ಎರಡು ವರ್ಷದಿಂದ ಖಾಲಿಯಿದೆ. ಯಾರಿಗೆ ಕೊಡುವುದಿಲ್ಲ ಎಂದು ಹೆಂಡತಿ ಮಕ್ಕಳು ಸೇರಿ ಮಾಡಿಕೊಂಡ ಪಟ್ಟಿಯನ್ನು ನಾನೂ ಸುಮ್ಮನೆ ಕೇಳಿಸಿಕೊಂಡಿದ್ದೇನೆ. ಇವತ್ತು ಮನೆಯಲ್ಲಿ ಈ ಮಾತು ಎತ್ತುತ್ತೇನೆ.

ಕೆಂಪುಕೋಟು_77
(ಈ ಬರಹವನ್ನು ತೆಗೆಯಲಾಗಿದೆ)

ಕಟ್ಟೆ_ಕಾವಲು (ನಿರ್ವಾಹಕ)
ತೆಗೆದದ್ದು ನಾನೇ. ಬೈಗುಳ ಇರಲಿಲ್ಲ, ಆದರೆ ಆರು ಸಾಲಿನಲ್ಲಿ ಒಂಬತ್ತು ಸಲ ‘ನಿಮ್ಮೋರು’ ಇತ್ತು. ನಿಮ್ಮೋರು ಅಲ್ಲಿ ಹೀಗೆ ಮಾಡಿದ್ರು, ನಿಮ್ಮೋರು ಇದನ್ನ ಯಾಕೆ ಖಂಡಿಸಲಿಲ್ಲ. ಮನೆ ಸಿಗದೆ ಅಲೆದ ಹುಡುಗಿ ಇಡೀ ಭೂಮಂಡಲಕ್ಕೆ ಜವಾಬು ಕೊಡಬೇಕಾ? ಇಲ್ಲಿ ಬರೆಯೋರು ‘ನೀವು’ ಅನ್ನಿ, ‘ನಿಮ್ಮೋರು’ ಬೇಡ.

ಪೇಡೆ_ನಗರಿ
ಈ ‘ನಿಮ್ಮೋರು’ ಬಗ್ಗೆ ನಂದೂ ಒಂದ್ ಐತಿ. ನಾವು ಧಾರವಾಡದ ಬಾಸೆಲ್ ಮಿಶನ್ ಕಾಲದ ಕ್ರೈಸ್ತರು, ನಮ್ಮ ಮುತ್ತಜ್ಜನೂ ಇಲ್ಲೇ ಹುಟ್ಟಿದಾಂವ. ಯಾರರ ನಮ್ಮನ್ನ ಹೊಗಳಬೇಕಂದ್ರ ಕಿಟೆಲ್ ತರ್ತಾರ: ‘ನಿಮ್ಮೋರು 1894ರಾಗ ಎಂಥಾ ನಿಘಂಟು ಕೊಟ್ರು!’ ಬೈಬೇಕಂದ್ರ ಮತಾಂತರ ತರ್ತಾರ. ಕಿಟೆಲ್ ಸಾಹೇಬರು ಜರ್ಮನಿಯವರು, ನಮ್ಮ ಬೀಗರಲ್ಲ. ಹೊಗಳಿಕಿ ಬೈಗುಳ ಎರಡರ ನಡುವ ನಾವು ಇದ್ದೀವಿ, ಸಂತಿಗೆ ಹೋಗ್ತೀವಿ, ಬದನಿಕಾಯಿ ತರ್ತೀವಿ, ಅದು ಯಾರಿಗೂ ಕಾಣೂದಿಲ್ಲ.

ಮತಾಂತರದ ಮಾತು ಬಂತು ಅಂತ ಇದನ್ನೂ ಹೇಳಿಬಿಡ್ತೀನಿ. ನಮ್ಮ ಸಂಬಂಧಿಕರೊಳಗ ಒಬ್ಬರಿಗೆ ತಮ್ಮ ವಿಶ್ವಾಸ ಎಲ್ಲಾರಿಗೂ ಹೇಳಬೇಕು, ಅದು ತಮ್ಮ ಕರ್ತವ್ಯ ಅಂತ ಅನಸ್ತೈತಿ. ನನಗೇ ಅವರ ಜೋಡಿ ಸಾಕಾಗಿ ಹೋಗ್ತೈತಿ. ಅವರ ಆಫೀಸಿನ ಗೆಳೆಯ ಒಬ್ಬರು, ಪಕ್ಕಾ ಮಾಧ್ವರು. ಅವರು ಏನ್ ಮಾಡಿದ್ರು ಗೊತ್ತೈತೇನು? ‘ಒಂದು ಭಾನುವಾರ ಪೂರ್ತಿ ನೀ ಹೇಳು, ನಾ ನಡುವ ಬಾಯಿ ಹಾಕೂದಿಲ್ಲ. ಮುಂದಿನ ಭಾನುವಾರ ನಾ ದ್ವೈತ ಹೇಳ್ತೀನಿ, ನೀ ಬಾಯಿ ಹಾಕಬ್ಯಾಡ’ ಅಂದ್ರು. ಹಂಗ ಮಾಡಿದ್ರು ಕೂಡ. ಇಬ್ಬರೊಳಗ ಯಾರೂ ಬದಲಾಗಲಿಲ್ಲ. ಮೂರನೇ ಭಾನುವಾರದಿಂದ ಇಬ್ಬರೂ ಕೂಡಿ ಕ್ರಿಕೆಟ್ ನೋಡ್ತಾರ.

ಸೂರ್ಯಾಸ್ತ_ಊಟ
ಮೇಷ್ಟ್ರು ಜೈನರ ಹೆಸರು ತೆಗೆದದ್ದಕ್ಕೆ ಹಾಜರಿ ಹಾಕ್ತಿದೀನಿ. ದಿಗಂಬರ ಜೈನ, ಐಟಿ ಕೆಲಸ. ಗೆಡ್ಡೆ ತಿನ್ನಲ್ಲ, ಕತ್ತಲಾದ ಮೇಲೆ ಊಟ ಇಲ್ಲ. ಇಪ್ಪತ್ತು ವರ್ಷದಿಂದ ಪ್ರತಿ ಹೊಸ ಟೀಮಲ್ಲೂ ಒಂದೇ ಪ್ರಶ್ನೆ: ‘ಆಲೂಗಡ್ಡೆಗೂ ಜೀವ ಇದ್ಯಾ ಗುರು? ಮತ್ತೆ ಬೀನ್ಸಿಗೆ?’ ಕೇಳೋನಿಗೆ ಉತ್ತರ ಬೇಕಿರಲ್ಲ, ಟೇಬಲ್ ನಗಬೇಕಿರುತ್ತೆ. ನಾನೂ ನಗ್ತೀನಿ. ಆಮೇಲೆ ಅವನ ಹತ್ತಿರ ಧರ್ಮದ ಮಾತು ಎತ್ತಲ್ಲ.

ಒಬ್ಬಳು ಸಹೋದ್ಯೋಗಿ ಮಾತ್ರ ‘ಸಂಜೆ ಏಳರವರೆಗೆ ಮೀಟಿಂಗ್ ಇದ್ದ ದಿನ ಏನ್ ಮಾಡ್ತೀರಾ?’ ಅಂತ ಕೇಳಿದ್ಲು. ಅವಳಿಗೆ ಎಲ್ಲಾ ಹೇಳಿದೆ. ಐದೂವರೆಗೆ ಮೆಟ್ಟಿಲ ಹತ್ತಿರ ನಿಂತು ಡಬ್ಬಿ ಮುಗಿಸೋದು, ಅಮ್ಮನಿಗೆ ಗೊತ್ತಿಲ್ಲದೆ ಎಷ್ಟು ಸಲ ತಪ್ಪಿದೀನಿ, ದಶಲಕ್ಷಣ ಪರ್ವದಲ್ಲಿ ಮಾತ್ರ ಯಾಕೆ ಗಟ್ಟಿಯಾಗಿ ಹಿಡೀತೀನಿ, ಕೊನೆಗೆ ಕ್ಷಮಾವಣಿ ದಿನ ಯಾರಿಗೆಲ್ಲ ಫೋನ್ ಮಾಡಿ ಕ್ಷಮೆ ಕೇಳ್ತೀನಿ. ‘ಯಾಕೆ’ ಅಂದ್ರೆ ನಾನು ಧರ್ಮದ ವಕೀಲ ಆಗ್ಬೇಕು. ‘ಹೇಗೆ’ ಅಂದ್ರೆ ನನ್ನ ದಿನ ಹೇಳಿದ್ರೆ ಸಾಕು. ಹಾವೇರಿಯವರೇ, ಉಮ್ಮನ ಹತ್ತಿರ ಹೋಗಿ ‘ಯಾಕೆ ತಿನ್ನಲ್ಲ’ ಅಂತ ಮಾತ್ರ ಕೇಳಬೇಡಿ.

ಹೊಳಿದಂಡಿ
ಕೊಪ್ಪಳ ಜಿಲ್ಲಾ, ಹೊಳಿ ದಂಡಿ ಊರು. ನಾನೂ ಮುಸ್ಲಿಂ. ಆದ್ರ ನನ್ನ ತ್ರಾಸು ನಿಮ್ಮೆಲ್ಲಾರ ಉಲ್ಟಾ.

ನಮ್ಮ ಕಡೆ ಮೊಹರಂ ಅಂದ್ರ ಊರ ಹಬ್ಬ. ಅಲಾಯಿ ಕುಣಿಗೆ (ಬೆಂಕಿ ಹಾಕೋ ತಗ್ಗಿಗೆ) ಗುದ್ದಲಿ ಹಾಕೋದು, ದೇವರು ಕುಂದ್ರಸೋದು, ಹೆಜ್ಜಿ ಕುಣಿತ, ರಿವಾಯತ್ ಪದ, ಮೈತುಂಬ ಬಣ್ಣ ಬಳಕೊಂಡು ಹುಲಿವೇಷ. ಲಿಂಗಾಯತರು, ಕುರುಬರು, ನಾಯಕರು ಎಲ್ಲಾರೂ ಸಕ್ಕರಿ ಓದಸ್ತಾರ, ಮಕ್ಕಳಿಗೆ ಲಾಡಿ ಕಟ್ಟಿ ಫಕೀರ ಮಾಡ್ತಾರ. ಮುದಗಲ್ಲಿಗೆ ಎಲ್ಲೆಲ್ಲಿಂದನೋ ಮಂದಿ ಬರ್ತೈತಿ. ಒಬ್ಬನೂ ಮುಸ್ಲಿಂ ಇಲ್ಲದ ಊರಾಗೂ ಅಲಾಯಿ ಕುಂದ್ರತಾವ.

ಆದ್ರ ನಮ್ಮಪ್ಪ ಅದನ್ನ ಒಪ್ಪೂದಿಲ್ಲ. ಪಂಜಾಕ್ಕ (ಅಲಾಯಿ ದೇವರ ಹಸ್ತದ ಗುರುತಿಗೆ) ಕೈ ಮುಗಿಯೋದು ನಮ್ಮ ದೀನಿನಾಗ ಇಲ್ಲ ಅಂತಾನ, ಆ ಹತ್ತು ದಿನ ಮನಿಬಿಟ್ಟು ಹೊರಗ ಬರೂದಿಲ್ಲ. ಊರ ಗೌಡ್ರಿಗೆ ಖರೇನ ಬ್ಯಾಸರ: ‘ನಿಮ್ಮ ದೇವ್ರಿಗೆ ನಾವು ನಡಕೊಂತೀವಿ, ನೀನ ಬರಂಗಿಲ್ಲಲ್ಲೋ!’ ಅಪ್ಪಗ ಅದಕ್ಕ ಉತ್ತರ ಕೊಡಾಕ ಬರೂದಿಲ್ಲ. ಗೌಡ್ರದು ಪ್ರೀತಿ ಐತಿ, ಸುಳ್ಳಲ್ಲ. ಅಪ್ಪಂದು ನಂಬಿಕಿ ಐತಿ, ಅದೂ ಸುಳ್ಳಲ್ಲ. ನಾನು ಸಣ್ಣಾಂವ ಇದ್ದಾಗ ಅಪ್ಪಗ ತಿಳೀದಂಗ ಹೋಗಿ ಕುಣದೀನಿ, ಚೊಂಗೆ ತಿಂದೀನಿ. ಈಗ ಮೂವತ್ತೈದು ವರ್ಷ, ಇನ್ನೂ ಹಲಗಿ ಸಪ್ಪಳ ಕೇಳಿದ್ರ ಕಾಲು ನಿಂದ್ರೂದಿಲ್ಲ.

ಕಡೀಕ ಹಾದಿ ತಗದಾಂವ ಗೌಡ್ರ ಮಗ. ‘ಕಾಕಾ, ದೇವ್ರಿಗೆ ಬರಬ್ಯಾಡ. ಕತ್ತಲ್ ರಾತ್ರಿಗೆ ಹೊರಗಿನ ಮಂದಿ ಬರ್ತಾರ, ಕುಡಿಯೋ ನೀರಿಂದು ನೀ ನೋಡಿಕೊ’ ಅಂದ. ಅಪ್ಪ ಈಗ ಎರಡು ವರ್ಷದಿಂದ ನೀರಿನ ಟ್ಯಾಂಕರ್ ಮುಂದ ನಿಂದರ್ತಾನ. ಅಲಾಯಿ ಕಡೆ ಮಾರಿ ತಿರುಗಸೂದಿಲ್ಲ, ನೀರು ಮಾತ್ರ ಒಬ್ಬರಿಗೂ ಕಮ್ಮಿ ಆಗಗೊಡೂದಿಲ್ಲ.

ಮಲ್ಲಿಗೆ_ಮೆಟ್ರೋ
ಹೊಳಿದಂಡಿ ಅಣ್ಣ, ಟ್ಯಾಂಕರ್ ಮಾತು ಓದಿ ಕಣ್ಣು ಮಂಜಾಯ್ತು. ನಮ್ಮಪ್ಪನೂ ಹೀಗೇ.

ಪ್ರಶ್ನಾರ್ಥಕ
ದೇವರು ಇದ್ದಾನೋ ಇಲ್ವೋ, ಗೌಡ್ರ ಮಗ ಇದ್ದಾನೆ. ಅವನಿಗೆ ನನ್ನದೊಂದು ನಮಸ್ಕಾರ.

ಏಲಕ್ಕಿಹಾರ (ನಾಲ್ಕು ತಿಂಗಳ ನಂತರ)
ಎಲ್ಲಾರೂ ಮರತಿರಬೇಕು. ನಾನು ಅದ ಕಡುಬಿನಾಕಿ.

ನಿಮ್ಮ ಮಾತು ಕೇಳಿ ಮರುದಿನನ ಹೋಗಿದ್ದೆ. ‘ಉಮ್ಮ, ಎಡಿ ಹಿಡದದ್ದು ನೀವು ತಿನ್ನೂದಿಲ್ಲ ಅಂತ ನನಗ ಗೊತ್ತಿರಲಿಲ್ರೀ, ಮುಂದ ಮೊದಲ ತಗದಿಡ್ತೀನಿ’ ಅಂದೆ. ಅಷ್ಟ ಅಂದದ್ದು. ಉಮ್ಮ ಜಗ್ಗನ ಕೈ ಹಿಡಕೊಂಡು, ‘ನಿಂಗೆ ಹೇಗೆ ಹೇಳುದು ಅಂತ ನಂಗೆ ನಿದ್ರೆ ಬರ್ಲಿಲ್ಲ ಮಗಾ’ ಅಂದ್ರು. ನಾನು ಒಬ್ಬಾಕೀನ ನಿದ್ದಿಗೆಟ್ಟೀನಿ ಅನಕೊಂಡಿದ್ದೆ.

ಈ ಸಂಕ್ರಾಂತಿಗೆ ಶೇಂಗಾ ಹೋಳಿಗಿ ಮಾಡಿದೆ. ಅದ ತಾಟಿನ್ಯಾಗ ಎಂಟು ಹೋಳಿಗಿ, ಬಾಜೂಕ ಊರಿಂದ ತರಿಸಿದ ಕುಸುರೆಳ್ಳು. ಉಮ್ಮ ಬಾಗಲಾಗ ನಿಂತು ನೇರ ಕೇಳಿದ್ರು: ‘ಪೂಜೆಗೆ ಇಟ್ಟದ್ದಾ?’ ‘ಇಲ್ರೀ, ಒಲಿಮ್ಯಾಲಿಂದ ಸೀದಾ ನಿಮ್ಮ ಕಡೆ.’ ಅಲ್ಲೇ ನಿಂತ ಒಂದು ಮುರಕೊಂಡು ಬಾಯಿಗೆ ಹಾಕ್ಕೊಂಡ್ರು.

ಆಮ್ಯಾಲೆ ನನ್ನ ಸರದಿ ಬಂತು. ನನ್ನ ಕೊರಳಾಗಿನ ಬೆಳ್ಳಿ ಕರಡಿಗಿ ತೋರಿಸಿ, ‘ಇದು ತಾಯತವಾ?’ ಅಂದ್ರು. ಇಷ್ಟಲಿಂಗ ಅಂದೆ. ‘ಇದಕ್ಕೆ ಹೇಗೆ ಪೂಜೆ?’ ಎಡಗೈ ಅಂಗೈಮ್ಯಾಲೆ ಇಟಗೊಂಡು ಮಾಡೋದು ಅಂತ ತೋರಿಸಿದೆ. ‘ಮತ್ತೆ ಮನೆಯಲ್ಲಿ ಗಣಪತಿ?’ ಅಂದ್ರು. ತಡವರಿಸಿಬಿಟ್ಟೆ. ನಮ್ಮಜ್ಜಿ ಇದ್ದಾಗ ಮನ್ಯಾಗ ಗಣಪತಿ ಕುಂದ್ರಸ್ತಿರಲಿಲ್ಲ. ‘ಲಿಂಗ ಇದ್ದಾಕಿಗೆ ಮತ್ತೊಂದ್ಯಾಕ’ ಅಂತಿದ್ಲು. ಲಿಂಗಕ್ಕ ತೋರಿಸದ ತುತ್ತು ಬಾಯಿಗೆ ಹಾಕ್ತಿರಲಿಲ್ಲ, ಭವಿಗಳ, ಅಂದ್ರ ಲಿಂಗ ಕಟ್ಟದವರ, ಮನ್ಯಾಗ ನೀರೂ ಕುಡೀತಿರಲಿಲ್ಲ. ಅದನ್ನೆಲ್ಲಾ ಉಮ್ಮಗ ಹೇಳಿದೆ. ‘ಅಯ್ಯೋ, ನಿನ್ನಜ್ಜಿ ನನ್ನಿಂದ ಗಟ್ಟಿ!’ ಅಂತ ಬಿದ್ದು ಬಿದ್ದು ನಕ್ಕರು. ಅಜ್ಜಿ ಊರೆಲ್ಲಾ ಓಡ್ಯಾಡಿ ಬ್ಯಾರೆಯವರ ಮನಿ ಕಡುಬು ಬ್ಯಾಡ ಅಂದಾಗ ಎಷ್ಟು ಮಂದಿ ಮಾರಿ ಸಣ್ಣದಾಗಿತ್ತೋ, ನಾ ಒಂದಿನಾನೂ ವಿಚಾರ ಮಾಡಿದಾಕಿ ಅಲ್ಲ.

ಹೋಳಿಗಿಗೆ ಬೆಲ್ಲ ಕಡಿಮಿ ಆಗೇತಂತ. ತಾಟು ಇನ್ನೂ ಅವರ ಮನ್ಯಾಗ ಐತಿ.

ಬಂದರು_ಬ್ಯಾರಿ
ತಟ್ಟೆ ಕೇಳಲಿಕ್ಕೆ ಹೋಗಬೇಡಿ ಮಾರಾಯ್ರೆ. ರಂಜಾನ್ ಹತ್ತಿರ ಬಂತು, ಅದರಲ್ಲಿ ಎಂತಾದ್ರೂ ಇಟ್ಟೇ ಬರ್ತದೆ. ನೀವು ಸಸ್ಯಾಹಾರಿ ಅಂತ ಅವರಿಗೆ ಗೊತ್ತುಂಟಲ್ವಾ?

ಏಲಕ್ಕಿಹಾರ
ಗೊತ್ತೈತ್ರೀ. ಬಂದ ಮೊದಲನೇ ವಾರನ ಕೇಳಿದ್ರು. ನಾನ ಅವರನ್ನ ಏನೂ ಕೇಳಿರಲಿಲ್ಲ.

ತೆನೆಹಬ್ಬ
ಶೇಂಗಾ ಹೋಳಿಗೆ ಮಾಡುವ ಕ್ರಮ ಹಾಕಿ. ಬೆಲ್ಲ ಎಷ್ಟು ಅಂತ ಉಮ್ಮನ ಹತ್ತಿರ ಕೇಳಿಯೇ ಹಾಕಿ.